ನೂಲಿನಂತೆ ಸೀರೆ, ತಾಯಿಯಂತೆ ಮರಿ

ಬಾಗಲಕೋಟೆ ಸೀಮೆಯಲ್ಲಿ ಖಿಲಾರಿ ಹೋರಿಗರು ಕೊಳ್ಳುವ ರೈತ ದುಡುಕುವುದಿಲ್ಲ. ಗೊರಸು ನೋಡುತ್ತಾನೆ, ಬಾಲದ ಬುಡ ನೋಡುತ್ತಾನೆ, ಮೈಮೇಲಿನ ಸುಳಿ ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ತಾಯಿ ಯಾವುದು, ಯಾವ ಬೀಜದ ಹೋರಿಗೆ ಹುಟ್ಟಿದ್ದು ಎಂದು ಕೇಳದೆ ದುಡ್ಡು ಬಿಚ್ಚುವುದಿಲ್ಲ. ಅದೇ ಮನೆಯವರು ಮಕ್ಕಳ ಹಟಕ್ಕೆ ಸಣ್ಣದೊಂದು ನಾಯಿಮರಿ ತರಲು ಹೊರಟರೆ ಈ ಜಾಣತನವೆಲ್ಲ ದನದ ಕೊಟ್ಟಿಗೆಯಲ್ಲೇ ಉಳಿದುಬಿಡುತ್ತದೆ. ಮೊಬೈಲಿನಲ್ಲಿ ಬಂದ ಒಂದು ಫೋಟೊ, ದುಂಡು ಮುಖ, ಅಗಲ ಕಣ್ಣು, ‘ಪಕ್ಕಾ ಪ್ಯೂರ್ ಬ್ರೀಡ್ ಸಾರ್’ ಎಂಬ ಒಂದು ಮಾತು. ಅಷ್ಟಕ್ಕೇ ವ್ಯವಹಾರ ಮುಗಿಯುತ್ತದೆ. ತಾಯಿಯ ಮಾತು ಯಾರೂ ಎತ್ತುವುದಿಲ್ಲ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ದಿನವೂ ಆಡುವ ಇಳಕಲ್ಲಿನಂಥ ನೇಕಾರರ ಊರಿನಲ್ಲೂ ನಾಯಿಮರಿಯ ವಿಷಯಕ್ಕೆ ಬಂದಾಗ ಸೆರಗಿನ ಬಣ್ಣ ನೋಡಿ ಸೀರೆ ಕೊಳ್ಳುವವರೇ ಹೆಚ್ಚು. ಇದರಿಂದ ಕೊಂಡವರಿಗಾಗುವ ನಷ್ಟ ದೊಡ್ಡದಲ್ಲ. ನಷ್ಟ ತಳಿಗೆ ಆಗುತ್ತದೆ, ಇನ್ನೂ ಹುಟ್ಟದ ಮರಿಗಳಿಗೆ ಆಗುತ್ತದೆ. ಏಕೆಂದರೆ ಯಾವ ನಾಯಿ ಮುಂದೆ ಮರಿ ಹಾಕಬೇಕು ಎಂಬುದನ್ನು ಇಂದು ತೀರ್ಮಾನಿಸುವವನು ಕೊಳ್ಳುವವನೇ. ಅವನ ಕಣ್ಣು ಏನನ್ನು ಬೇಡುತ್ತದೆಯೋ ಅದನ್ನೇ ತಳಿಗಾರ ಹುಟ್ಟಿಸಿ ಕೊಡುತ್ತಾನೆ.

ಈ ಮಾತನ್ನು ಪರೀಕ್ಷಿಸಲು ಬಾಗಲಕೋಟೆಗಿಂತ ಒಳ್ಳೆಯ ಜಿಲ್ಲೆ ಸಿಗಲಾರದು. ನಾಡಿನ ಅತಿ ಹೆಸರುವಾಸಿ ನಾಯಿ ಇಲ್ಲಿಯದು. ಹಲಗಲಿ ಬೇಡರ ಸೀಮೆಯಾದ ಮುಧೋಳದಲ್ಲಿ ಬೇಟೆಗಾರರು ಸಾಕಿಕೊಂಡು ಬಂದಿದ್ದ, ಉದ್ದ ಕಾಲಿನ, ಹೊಟ್ಟೆ ಬೆನ್ನಿಗಂಟಿದ ನಾಯಿಯನ್ನು ಗುರುತಿಸಿ ಬೆಳೆಸಿದವರು ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ ಘೋರ್ಪಡೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಈ ನಾಯಿಗಳ ಜೋಡಿಯೊಂದನ್ನು ಉಡುಗೊರೆ ಕೊಟ್ಟ ಮೇಲೆ ‘ಮುಧೋಳ ಹೌಂಡ್’ ಎಂಬ ಹೆಸರು ಗಟ್ಟಿಯಾಯಿತು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಇದಕ್ಕೂ ಒಂದು ಚೀಟಿ ಸಿಕ್ಕಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಮೊದಲು ನೋಂದಾಯಿಸಿದ ಮೂರು ದೇಸಿ ನಾಯಿ ತಳಿಗಳಲ್ಲಿ ರಾಜಪಾಳಯಂ, ಚಿಪ್ಪಿಪಾರೈಗಳ ಜೊತೆಗೆ ಮುಧೋಳವೂ ಒಂದು. ಇದೇ ಜಿಲ್ಲೆಯ ಬಾಗಲಕೋಟೆಯ ನವನಗರದಲ್ಲಿ, ಬಾದಾಮಿ, ಹುನಗುಂದ, ಇಳಕಲ್ಲುಗಳ ಹೊಸ ಬಡಾವಣೆಗಳಲ್ಲಿ ಮನೆ ಚಿಕ್ಕದು, ಅಂಗಳ ಇಲ್ಲ. ಅಲ್ಲಿ ಬೇಕಾಗಿರುವುದು ಪಗ್, ಶಿಟ್ಜು, ಪಮೇರಿಯನ್ ಎಂದು ಕರೆಯುವ ಬಿಳಿ ಸ್ಪಿಟ್ಜ್. ಎರಡೂ ನಾಯಿಯೇ, ಎರಡೂ ತಳಿಯೇ. ಆದರೆ ಅವುಗಳನ್ನು ಆರಿಸಿದ ಕೈ ಬೇರೆ ಬೇರೆ.

ಮುಧೋಳದ ನಾಯಿಯನ್ನು ಆರಿಸಿದ್ದು ಎರೆಹೊಲದಲ್ಲಿ ಓಡುವ ಮೊಲ. ಸುಮಾರು 70 ಸೆಂಟಿಮೀಟರ್ ಎತ್ತರದ ಈ ನಾಯಿಯ ಎದೆ ಆಳ, ಸೊಂಟ ಸಣ್ಣ, ಮೂತಿ ಉದ್ದ. ಇವೆಲ್ಲ ಯಾರೋ ಚಂದಕ್ಕೆ ಬಯಸಿದ ಲಕ್ಷಣಗಳಲ್ಲ. ಆಳದ ಎದೆಯಲ್ಲಿ ದೊಡ್ಡ ಹೃದಯ, ದೊಡ್ಡ ಶ್ವಾಸಕೋಶ ಹಿಡಿಸುತ್ತವೆ; ಕೊಬ್ಬಿಲ್ಲದ ತೆಳುಚರ್ಮ ಮೈಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ; ಉದ್ದ ಮೂತಿಯೊಳಗಿನ ಒದ್ದೆ ಪೊರೆ ಒಳಹೋಗುವ ಗಾಳಿಯನ್ನು ತಂಪು ಮಾಡುತ್ತದೆ. ಉಸಿರು ಸಾಲದ ನಾಯಿ ಹಿಂದೆ ಬಿತ್ತು, ಕೀಲು ಸಡಿಲವಾದದ್ದು ಕುಂಟಿತು, ಬಿಸಿಲು ತಾಳದ್ದು ಸತ್ತಿತು. ಉಳಿದದ್ದಕ್ಕೆ ಬೇಟೆಗಾರ ಹೆಣ್ಣು ತಂದು ಕೂಡಿಸಿದ. ಕನ್ನಡ ನಾಡಿನಲ್ಲಿ ನಾಯಿಗೆ ಕೆಲಸದಿಂದಲೇ ಬೆಲೆ ಬರುತ್ತಿತ್ತು ಎನ್ನುವುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949–50ರ ಶಾಸನದ ಪ್ರಕಾರ ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನೆಂಬ ವೀರ ತನ್ನೊಡೆಯ ಬೂತುಗನ ಬಳಿ ಮೆಚ್ಚುಗೆಯಾಗಿ ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ನಾಯಿಗೆಂದೇ ನಿಲ್ಲಿಸಿದ ಆ ಕಲ್ಲಿನ ಮೇಲೆ ನಾಯಿ-ಹಂದಿಗಳ ಕಾಳಗವೇ ಕೆತ್ತನೆಯಾಗಿದೆ. ಅದರ ಬಣ್ಣ, ರೋಮ, ಕಿವಿ ಹೇಗಿದ್ದವು ಎಂಬ ವರ್ಣನೆ ಶಾಸನಕ್ಕೆ ಬೇಕಾಗಿರಲಿಲ್ಲ.

ಆ ಪರೀಕ್ಷೆ ಈಗ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ, ಮೊಲದ ಬೇಟೆಯೂ ಅಪರಾಧ. ಅದು ಆಗಬೇಕಾದದ್ದೇ, ಮೊಲಕ್ಕೂ ಬದುಕುವ ಹಕ್ಕಿದೆ. ಆದರೆ ಜೀವವಿಜ್ಞಾನದ ದೃಷ್ಟಿಯಿಂದ ಅದರ ಒಂದು ಪರಿಣಾಮವನ್ನು ಗಮನಿಸಬೇಕು: ಹೊಲದಲ್ಲಿ ಕೂತಿದ್ದ ಪರೀಕ್ಷಕ ಎದ್ದುಹೋದ, ಅವನ ಕುರ್ಚಿಯಲ್ಲಿ ಗಿರಾಕಿ ಬಂದು ಕೂತ. ಸಣ್ಣ ತಳಿಗಳಲ್ಲಂತೂ ನೂರೈವತ್ತು ವರ್ಷಗಳಿಂದ, ಅಂದರೆ ಯುರೋಪಿನಲ್ಲಿ ಶ್ವಾನ ಪ್ರದರ್ಶನಗಳು ಶುರುವಾದಂದಿನಿಂದ, ಕುರ್ಚಿ ಅವನದೇ. ಅವನ ಅಂಕಪಟ್ಟಿಯಲ್ಲಿ ಉಸಿರಾಟ, ಕೀಲು, ಆಯುಷ್ಯ ಯಾವುದೂ ಇಲ್ಲ. ನಮ್ಮಲ್ಲಿ 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಬೆನ್ನು ಹತ್ತಿ ನಡೆದ ಪಗ್ ದೇಶದ ಮನೆಮನೆಯ ಆಸೆಯಾಯಿತು. ಅಮೆರಿಕದ ಕೆನಲ್ ಕ್ಲಬ್‌ನ ದಶಕಗಳ ನೋಂದಣಿಯನ್ನು ನಾಯಿ ಪಾತ್ರಗಳಿರುವ ಸಿನಿಮಾಗಳ ಜೊತೆ ಹೋಲಿಸಿದ ಸಂಶೋಧಕರು 2014ರಲ್ಲಿ ತೋರಿಸಿದ್ದೇನೆಂದರೆ, ಒಂದು ಜನಪ್ರಿಯ ಸಿನಿಮಾ ಆ ತಳಿಯ ಬೇಡಿಕೆಯನ್ನು ಹತ್ತು ವರ್ಷದವರೆಗೂ ಏರಿಸಬಲ್ಲದು. ಅದೇ ದಾಖಲೆಯನ್ನು ಅದಕ್ಕೆ ಒಂದು ವರ್ಷ ಮೊದಲು ನೋಡಿದಾಗ ತಳಿಯ ಜನಪ್ರಿಯತೆಗೂ ಅದರ ಆರೋಗ್ಯ, ಆಯುಷ್ಯ, ಸ್ವಭಾವಗಳಿಗೂ ನಂಟೇ ಕಂಡಿರಲಿಲ್ಲ. ನಾಯಿ ಕೊಳ್ಳುವುದು ಫ್ಯಾಶನ್ನಿನ ಲೆಕ್ಕದಲ್ಲಿ, ಸೀರೆಯ ಬಾರ್ಡರ್ ಬದಲಾದಂತೆ. ವಿಚಿತ್ರವೆಂದರೆ ಇದರ ಕಹಿಯನ್ನು ಸಿನಿಮಾವೇ ನಮಗೆ ತೋರಿಸಿತು. 2022ರ ಕನ್ನಡ ಚಿತ್ರ ‘777 ಚಾರ್ಲಿ’ಯಲ್ಲಿ ನಾಯಿಯ ಕ್ಯಾನ್ಸರಿಗೆ ಕಾರಣವಾಗಿ ಬೊಟ್ಟು ಮಾಡಿದ್ದು ರಕ್ತಸಂಬಂಧದ ನಾಯಿಗಳನ್ನೇ ಕೂಡಿಸಿ ಮರಿ ಹುಟ್ಟಿಸುವ ದಂಧೆಯನ್ನು.

ಆ ರಕ್ತಸಂಬಂಧದ ಲೆಕ್ಕವನ್ನು ಉತ್ತರ ಕರ್ನಾಟಕದ ಓದುಗರಿಗೆ ವಿವರಿಸುವುದು ಕಷ್ಟವಲ್ಲ, ಒಳಸಂಬಂಧ ಎಂಬ ಮಾತು ಇಲ್ಲಿ ಎಲ್ಲರಿಗೂ ಗೊತ್ತು. ಪ್ರತಿ ಜೀನೂ ಎರಡೆಳೆಯ ಹುರಿ ಇದ್ದಂತೆ. ಒಂದೆಳೆ ತಾಯಿಯದು, ಒಂದೆಳೆ ತಂದೆಯದು. ಒಂದೆಳೆ ಕೊಳೆತಿದ್ದರೂ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಆದರೆ ಎರಡೂ ಎಳೆ ಒಬ್ಬನೇ ಅಜ್ಜನ ಲಡಿಯಿಂದ ಬಂದಿದ್ದರೆ ಎರಡೂ ಅದೇ ಜಾಗದಲ್ಲಿ ಕೊಳೆತಿರುವ ಸಂಭವ ಹೆಚ್ಚು, ಅಲ್ಲಿ ಹುರಿ ಹರಿಯುತ್ತದೆ. ಅತ್ತೆ ಮಗ–ಮಾವನ ಮಗಳು ಮದುವೆಯಾದರೆ ಹುಟ್ಟುವ ಮಗುವಿನಲ್ಲಿ ಎರಡೆಳೆಯೂ ಒಂದೇ ಆಗಿರುವ ಸಂಭವ 6.25 ಶೇಕಡಾ. ಸೋದರಮಾವ–ಅಕ್ಕನ ಮಗಳಲ್ಲಿ 12.5. ಅಣ್ಣ–ತಂಗಿಯರಲ್ಲಿ, ಯಾವ ಸಮಾಜವೂ ಒಪ್ಪದ ಆ ಸಂಬಂಧದಲ್ಲಿ, 25. ಈಗ ನಾಯಿಗೆ ಬನ್ನಿ. 2021ರಲ್ಲಿ ಪ್ರಕಟವಾದ, 227 ತಳಿಗಳ ಡಿಎನ್‌ಎ ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ತಳಿಗಳ ಸರಾಸರಿಯೇ ಸುಮಾರು 25 ಶೇಕಡಾ ಬಂತು. ಅಂದರೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಇಬ್ಬರ ಮನೆಯ ‘ಶುದ್ಧ’ ನಾಯಿಗಳೂ ಜೀನುಗಳ ಕಣ್ಣಿಗೆ ಒಡಹುಟ್ಟಿದವು. ಒಳಸಂಬಂಧ ಹೆಚ್ಚಿದ ತಳಿಗಳಿಗೆ ವೈದ್ಯರ ಅಗತ್ಯವೂ ಹೆಚ್ಚು ಎಂದು ಅದೇ ಅಧ್ಯಯನ ಕಂಡುಕೊಂಡಿತು. ಇದಕ್ಕೂ ಮೊದಲು, 2008ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಬ್ರಿಟನ್ನಿನ ಸುಮಾರು 10,000 ಪಗ್‌ಗಳ ವಂಶಾವಳಿ ಕೆದಕಿ, ಆನುವಂಶಿಕವಾಗಿ ಅವು ಐವತ್ತೇ ನಾಯಿಗಳಿಗೆ ಸಮ ಎಂದು ಲೆಕ್ಕ ಹಾಕಿದ್ದರು. ‘ಪ್ಯೂರ್ ಬ್ರೀಡ್’ ಎಂಬ ಮಾತು ಕಿವಿಗೆ ಬಿದ್ದಾಗ ನಾವು ಹಿಗ್ಗುತ್ತೇವೆ. ಆ ಶುದ್ಧತೆ ಹೇಗೆ ಬಂತು ಎಂದು ಕೇಳಿದರೆ ಹಿಗ್ಗು ಅರ್ಧಕ್ಕೆ ಇಳಿಯುತ್ತದೆ.

ಒಳಸಂಬಂಧ ಕಣ್ಣಿಗೆ ಕಾಣದ ಕೇಡಾದರೆ, ಕಣ್ಣೆದುರೇ ಇದ್ದೂ ಮುದ್ದು ಎನಿಸಿಕೊಳ್ಳುವ ಕೇಡು ಇನ್ನೊಂದಿದೆ. ಪಗ್‌ನ ಮೂಗನ್ನು ಹತ್ತಿರದಿಂದ ನೋಡಿ. ಮುಧೋಳದ ನಾಯಿಗೆ ಗೇಣುದ್ದದ ಮೂತಿಯಲ್ಲಿ ಇರುವ ಸಾಮಾನೆಲ್ಲ ಪಗ್‌ಗೂ ಇದೆ, ಇಡಲು ಜಾಗ ಮಾತ್ರ ಇಲ್ಲ. ಹೊಳ್ಳೆಗಳು ಅಲ್ಪವಿರಾಮ ಚಿಹ್ನೆಯಂತೆ ಕಿರಿದಾಗಿವೆ. ಮೂಗಿನೊಳಗೆ ಗಾಳಿಯನ್ನು ತಂಪು ಮಾಡಬೇಕಾದ ಸುರುಳಿ ಎಲುಬುಗಳು ಒಂದಕ್ಕೊಂದು ಒತ್ತಿಕೊಂಡು ದಾರಿಯನ್ನೇ ಮುಚ್ಚುತ್ತವೆ. ಬಾಯಿಯ ಹಿಂಭಾಗದ ಮೆತ್ತನೆಯ ಅಂಗುಳ ಉದ್ದವಾಗಿ, ದಪ್ಪವಾಗಿ ಗಂಟಲಿಗೆ ಇಳಿಬಿದ್ದಿದೆ. ನಿದ್ದೆಯಲ್ಲಿ ಅದು ಹೊಡೆಯುವ ಗೊರಕೆಗೆ ಮನೆಯವರು ನಗುತ್ತಾರೆ, ಅದು ಉಸಿರಿಗಾಗಿ ನಡೆಸುವ ಗುದ್ದಾಟ. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ತೇಕಿ ತೇಕಿ ಮೂಗು-ಬಾಯಿಗಳ ತೇವವನ್ನು ಆವಿ ಮಾಡಿಯೇ ಮೈ ತಂಪು ಮಾಡಿಕೊಳ್ಳಬೇಕು. ಬಾದಾಮಿಯ ಕೆಂಪುಕಲ್ಲಿನ ಗುಡ್ಡ ಏಪ್ರಿಲ್ ಮಧ್ಯಾಹ್ನ ಕಾದು, ಉಷ್ಣಾಂಶ 40 ಡಿಗ್ರಿ ಮುಟ್ಟಿದಾಗ ಪಗ್ ಜೋರಾಗಿ ತೇಕುತ್ತದೆ. ಇಕ್ಕಟ್ಟಿನ ದಾರಿಯಲ್ಲಿ ತೇಕಲು ಸ್ನಾಯುಗಳು ಹೆಚ್ಚು ದುಡಿಯಬೇಕು, ದುಡಿದಷ್ಟೂ ಮೈಬಿಸಿ ಏರುತ್ತದೆ, ಗಂಟಲು ಊದಿಕೊಳ್ಳುತ್ತದೆ, ದಾರಿ ಇನ್ನಷ್ಟು ಕಿರಿದಾಗುತ್ತದೆ. ಮೂತಿಯ ಉದ್ದ ತಲೆಬುರುಡೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದ ನಾಯಿಗಳಲ್ಲೇ ಈ ಉಸಿರುಕಟ್ಟು ರೋಗ ಕಾಣಿಸಿಕೊಳ್ಳುತ್ತದೆ ಎಂದು 2015ರಲ್ಲಿ ಬ್ರಿಟಿಷ್ ಪಶುವೈದ್ಯರು ಅಳೆದು ತೋರಿಸಿದರು. 2022ರ ಇನ್ನೊಂದು ಬ್ರಿಟಿಷ್ ಲೆಕ್ಕದಲ್ಲಿ ಹುಟ್ಟಿದ ಪಗ್‌ನ ನಿರೀಕ್ಷಿತ ಆಯುಷ್ಯ 7.65 ವರ್ಷ, ಫ್ರೆಂಚ್ ಬುಲ್‌ಡಾಗ್‌ನದು 4.53 ವರ್ಷ. ಅದೇ ಪಟ್ಟಿಯಲ್ಲಿ ಉದ್ದ ಮೂತಿಯ ಸಣ್ಣ ನಾಯಿ ಜ್ಯಾಕ್ ರಸೆಲ್ ಟೆರಿಯರ್ 12.72 ವರ್ಷದೊಂದಿಗೆ ಎಲ್ಲಕ್ಕಿಂತ ಮೇಲಿತ್ತು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಹಾಗಾದರೆ ಸಣ್ಣ ನಾಯಿ ಸಾಕುವುದೇ ತಪ್ಪೇ? ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮುಧೋಳದ ನಾಯಿ ಕಟ್ಟಲಾದೀತೇ? ಆಗದು, ಕಟ್ಟಲೂಬಾರದು. ಓಡಲೆಂದು ಹುಟ್ಟಿದ ನಾಯಿಗೆ ಮೂರು ಮೊಳದ ಸರಪಳಿ ಶಿಕ್ಷೆಯೇ ಸರಿ. ಸಣ್ಣತನ ರೋಗವಲ್ಲ ಎಂಬುದನ್ನು ಮೇಲಿನ ಜ್ಯಾಕ್ ರಸೆಲ್ ಅಂಕಿಯೇ ಹೇಳುತ್ತದೆ. ನಾಯಿಯ ಗಾತ್ರವನ್ನು ನಿರ್ಧರಿಸುವ ಜೀನುಗಳಲ್ಲಿ ಮುಖ್ಯವಾದದ್ದು ಐಜಿಎಫ್–1. ಬೆಳವಣಿಗೆಯ ಹಾರ್ಮೋನೊಂದನ್ನು ಹೆಚ್ಚು ಕಡಿಮೆ ಮಾಡುವ ಜೀನು ಇದು. ಸಣ್ಣ ತಳಿಗಳಲ್ಲಿ ಇದರ ಒಂದು ನಿರ್ದಿಷ್ಟ ರೂಪ ಇದೆಯೆಂದು 2007ರಲ್ಲಿ ಗೊತ್ತಾಯಿತು. ಮನುಷ್ಯರು ತೋಳವನ್ನು ಪಳಗಿಸಿ ಕುಗ್ಗಿಸಿದಾಗ ಈ ರೂಪ ಹುಟ್ಟಿರಬೇಕೆಂದು ಎಲ್ಲರೂ ಊಹಿಸಿದ್ದರು. 2022ರಲ್ಲಿ ಆ ಊಹೆ ಬಿದ್ದುಹೋಯಿತು: ಸೈಬೀರಿಯದ ಹಿಮನೆಲದಲ್ಲಿ ಸಿಕ್ಕ, 54,000 ವರ್ಷ ಹಿಂದಿನ ತೋಳದ ಎಲುಬಿನಲ್ಲೇ ಸಣ್ಣ ಗಾತ್ರದ ರೂಪ ಕಂಡಿತು. ನಾಯಿ ಎಂಬುದು ಹುಟ್ಟುವ ಮೊದಲೇ ಸಣ್ಣತನದ ಬೀಜ ತೋಳದಲ್ಲಿತ್ತು. ಹಾಗಾಗಿ ಸಣ್ಣ ಗಾತ್ರ ನಿಸರ್ಗ ತಾಳಿಕೊಂಡ ಲಕ್ಷಣ. ನಮ್ಮ ಬಿಳಿ ಸ್ಪಿಟ್ಜ್ ಮೂತಿ ಉಳಿಸಿಕೊಂಡೇ ಸಣ್ಣದಾಗಿರುವ ನಾಯಿ. ತೊಂದರೆ ಶುರುವಾಗುವುದು ಸಣ್ಣದನ್ನು ಇನ್ನೂ ಸಣ್ಣದು ಮಾಡಲು, ಮುಖವನ್ನು ಮಗುವಿನ ಮುಖ ಮಾಡಲು ಹೊರಟಾಗ.

ಆ ಗೆರೆ ಎಲ್ಲಿದೆ ಎಂದು ತಿಳಿಯಲು ಬಾಯಿ ತೆರೆಸಿ ನೋಡಿದರೆ ಸಾಕು. ಮುಧೋಳವಿರಲಿ, ಅಂಗೈಯಗಲದ ಚಿವಾವಾ ಇರಲಿ, ಬೆಳೆದ ನಾಯಿಗೆ ಹಲ್ಲು 42. ದವಡೆ ಕುಗ್ಗಿದರೂ ಹಲ್ಲಿನ ಎಣಿಕೆ ಕುಗ್ಗುವುದಿಲ್ಲ. ಹೀಗಾಗಿ ಅತಿ ಸಣ್ಣ ನಾಯಿಗಳ ಬಾಯಲ್ಲಿ ಹಲ್ಲು ಒಂದರ ಮೇಲೊಂದು ಹತ್ತಿ, ಸಂದಿಯಲ್ಲಿ ಕೂಳು ಸಿಕ್ಕಿ, ಒಸಡು ಕೊಳೆತು ನಾಲ್ಕೈದು ವರ್ಷಕ್ಕೇ ಹಲ್ಲು ಉದುರುತ್ತವೆ. ಮೊಣಕಾಲ ಚಿಪ್ಪು ಕೂರುವ ಕಾಲುವೆ ಆಳವಿಲ್ಲದೆ ಚಿಪ್ಪು ಪಕ್ಕಕ್ಕೆ ಜಾರುತ್ತದೆ. ಓಡುತ್ತಿದ್ದ ನಾಯಿ ಒಂದು ಕಾಲೆತ್ತಿ ನಾಲ್ಕು ಹೆಜ್ಜೆ ಕುಪ್ಪಳಿಸಿ ಮತ್ತೆ ಸರಿಯಾಗುವುದನ್ನು ಜನ ಆಟ ಎಂದುಕೊಳ್ಳುತ್ತಾರೆ. ಅತಿ ಸಣ್ಣ ಮರಿಗೆ ಯಕೃತ್ತಿನಲ್ಲಿ ಸಕ್ಕರೆ ಕೂಡಿಡಲು ಜಾಗ ಕಡಿಮೆ, ಒಂದು ಹೊತ್ತಿನ ಊಟ ತಪ್ಪಿದರೂ ರಕ್ತದ ಸಕ್ಕರೆ ಕುಸಿದು ಅಡ್ಡಬೀಳಬಹುದು. ‘ಟೀಕಪ್’ ಎಂದು ಮಾರುವ ಮರಿಗಳು ಯಾವ ತಳಿಯೂ ಅಲ್ಲ. ಸೂಲಿನಲ್ಲಿ ಅತಿ ಬಡಕಲಾದವುಗಳನ್ನು ಆರಿಸಿ, ಅವುಗಳನ್ನೇ ಮತ್ತೆ ಕೂಡಿಸಿ ಪಡೆದವು. ಕೆಲವೊಮ್ಮೆ ಸರಿಯಾಗಿ ಉಣಿಸದೆ ಕುಗ್ಗಿಸಿದವು. ಹೆರಿಗೆಯನ್ನೇ ನೋಡಿ: ಬ್ರಿಟನ್ನಿನ ಸಮೀಕ್ಷೆಯೊಂದರಲ್ಲಿ ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬೋಸ್ಟನ್ ಟೆರಿಯರ್‌ಗಳ ಸೂಲುಗಳಲ್ಲಿ 80 ಶೇಕಡಾಕ್ಕೂ ಹೆಚ್ಚು ಸಿಜೇರಿಯನ್ನಿನಿಂದಲೇ ಆಗಿದ್ದವು. ತಲೆ ದಪ್ಪ, ಸೊಂಟ ಸಣ್ಣ ಎಂದು ನಾವೇ ಬಯಸಿದ ಚೆಲುವು ತಾಯಿಯ ಹೊಟ್ಟೆ ಕೊಯ್ಯದೆ ಹೊರಬರಲಾರದು. ತಾನಾಗಿ ಈಯಲಾರದ ಪ್ರಾಣಿಯನ್ನು ತಳಿ ಎನ್ನಬೇಕೋ, ಆಸ್ಪತ್ರೆಯನ್ನು ನಂಬಿದ ಪ್ರಯೋಗ ಎನ್ನಬೇಕೋ?

ಇದೆಲ್ಲ ವಿದೇಶಿ ನಾಯಿಗಳ ಗೋಳು, ನಮ್ಮ ಮುಧೋಳಕ್ಕೆ ಏನೂ ಆಗದು ಎಂಬುದು ಎರಡನೆಯ ಆಕ್ಷೇಪ. ಅಭಿಮಾನ ಒಳ್ಳೆಯದು, ಆದರೆ ಜೀನುಗಳಿಗೆ ಊರಿನ ಹಂಗಿಲ್ಲ. 2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಮುಧೋಳದ ಹೆಸರೆತ್ತಿದ ಮೇಲೆ ದೇಶದೆಲ್ಲೆಡೆ ಅದರ ಕೀರ್ತಿ ಹಬ್ಬಿತು. ಪಗ್‌ಗೆ ಜಾಹೀರಾತು ಮಾಡಿದ ಕೆಲಸವನ್ನು ಮುಧೋಳಕ್ಕೆ ಕೀರ್ತಿ ಮಾಡಬಹುದು. ಬೇಡಿಕೆ ಏರಿದಾಗ ಸುತ್ತಲಿನವರೆಲ್ಲ ಒಂದೇ ಹೆಸರಾಂತ ಗಂಡಿನ ಬಳಿ ಹೆಣ್ಣು ತರುತ್ತಾರೆ. ಜೀವಸಂಖ್ಯಾಶಾಸ್ತ್ರದ ಹಳೆಯ ಸೂತ್ರವೊಂದಿದೆ: ಗಂಡುಗಳ ಎಣಿಕೆಯನ್ನೂ ಹೆಣ್ಣುಗಳ ಎಣಿಕೆಯನ್ನೂ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಅವುಗಳ ಒಟ್ಟು ಎಣಿಕೆಯಿಂದ ಭಾಗಿಸಿದರೆ ಆ ಗುಂಪು ಆನುವಂಶಿಕವಾಗಿ ಎಷ್ಟು ನಾಯಿಗಳಿಗೆ ಸಮ ಎಂದು ತಿಳಿಯುತ್ತದೆ. ನೂರು ಹೆಣ್ಣಿಗೆ ಹತ್ತು ಗಂಡು ಇದ್ದರೆ ಉತ್ತರ ಸುಮಾರು 36. ನೂರು ಹೆಣ್ಣಿಗೆ ಒಂದೇ ಗಂಡಾದರೆ ಉತ್ತರ 4. ನೂರೊಂದು ನಾಯಿಗಳು ಕಣ್ಣಿಗೆ ಕಂಡರೂ ತಳಿಯ ಭವಿಷ್ಯಕ್ಕೆ ಇರುವುದು ನಾಲ್ಕು. ಮುಂದಿನ ತಲೆಮಾರಿನ ಮರಿಗಳೆಲ್ಲ ಅಪ್ಪನ ಕಡೆಯಿಂದ ಅಣ್ಣತಂಗಿಯರು, ಅವುಗಳ ನಡುವೆಯೇ ಸಂಬಂಧ ಬೆಳೆಸದೆ ಗತಿಯಿಲ್ಲ. ಮುಧೋಳವನ್ನು ಉಳಿಸಬೇಕೆನ್ನುವವರು ಹೆಚ್ಚು ಮರಿಗಳನ್ನಲ್ಲ, ಹೆಚ್ಚು ಗಂಡುಗಳನ್ನು ಎಣಿಸಬೇಕು.

ಬೆರಕೆ ಮಾಡಿದರೆ ತಳಿ ಕೆಡುತ್ತದೆ ಎಂಬುದು ಮೂರನೆಯ ಆಕ್ಷೇಪ. ಇದಕ್ಕೆ ಡಾಲ್ಮೇಶಿಯನ್ ಉತ್ತರ ಕೊಟ್ಟಾಗಿದೆ. ಚುಕ್ಕೆ ಚುಕ್ಕೆಯ ಈ ನಾಯಿಗಳಲ್ಲಿ ಯೂರಿಕ್ ಆಮ್ಲವನ್ನು ಸಾಗಿಸುವ ಜೀನು ಎಲ್ಲದರಲ್ಲೂ ಎರಡೆಳೆಯೂ ಕೆಟ್ಟಿತ್ತು, ಅನೇಕ ಗಂಡುಗಳು ಮೂತ್ರದ ಕಲ್ಲಿನಿಂದ ನರಳುತ್ತಿದ್ದವು. ಇಡೀ ತಳಿಯಲ್ಲಿ ಒಳ್ಳೆಯ ಎಳೆ ಒಂದೂ ಉಳಿದಿರದ ಮೇಲೆ ಆರಿಸುವುದಾದರೂ ಯಾವುದನ್ನು? 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದು ಡಾಲ್ಮೇಶಿಯನ್ನನ್ನು ಪಾಯಿಂಟರ್ ನಾಯಿಯೊಂದಿಗೆ ಒಂದೇ ಸಲ ಕೂಡಿಸಿದ. ಅದರ ಮರಿಗಳನ್ನು ತಲೆಮಾರು ತಲೆಮಾರಾಗಿ ಡಾಲ್ಮೇಶಿಯನ್ನಿಗೇ ಕೊಡುತ್ತ ಹೋದಾಗ ಚುಕ್ಕೆ, ರೂಪ ಎಲ್ಲ ಹಾಗೇ ಉಳಿದು, ಒಳ್ಳೆಯ ಜೀನು ಮಾತ್ರ ಜೊತೆಗೆ ಬಂತು. ಅಮೆರಿಕದ ಕೆನಲ್ ಕ್ಲಬ್ ಇವನ್ನು ಡಾಲ್ಮೇಶಿಯನ್ ಎಂದು ಒಪ್ಪಲು 2011ರವರೆಗೆ ಕಾಯಿಸಿತು. ಇಳಕಲ್ಲಿನ ಮಗ್ಗದ ಮುಂದೆ ಕೂತವರಿಗೆ ಈ ಅನುಮಾನ ಬಾರದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಯನ್ನೂ ಕೊಂಡಿ ಹಾಕಿ ಎರಡನ್ನೂ ಮಗ್ಗದ ಮೇಲೆ ಕೂಡಿಸುತ್ತಾರೆ. ಹತ್ತಿಗೆ ರೇಷ್ಮೆ ಕೂಡಿತೆಂದು ಅದು ಇಳಕಲ್ ಸೀರೆಯಲ್ಲ ಎಂದವರಿಲ್ಲ. ಆ ಕೊಂಡಿಯೇ ಅದರ ಗುರುತು. ಎಲ್ಲಿ, ಯಾವಾಗ, ಯಾವ ಎಳೆ ಕೂಡಿಸಬೇಕೆಂಬ ಲೆಕ್ಕವಿದ್ದರೆ ಬೆರಕೆ ತಳಿಯ ಮದ್ದು. ಲೆಕ್ಕವಿಲ್ಲದ ಬೆರಕೆ, ಉದಾಹರಣೆಗೆ ಹೆಸರಿಗೆ ಮಾತ್ರ ಮುಧೋಳ ಎಂದು ಸಿಕ್ಕಸಿಕ್ಕದ್ದನ್ನು ಮಾರುವುದು, ಮೋಸ. ಎರಡಕ್ಕೂ ಇರುವ ಅಂತರ ದಾಖಲೆ ಪುಸ್ತಕವೊಂದರದೇ.

ನಾಲ್ಕನೆಯ ಆಕ್ಷೇಪ ಹೊಟ್ಟೆಪಾಡಿನದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮುಧೋಳ ತಾಲ್ಲೂಕಿನಲ್ಲಿ ನೂರಾರು ಕುಟುಂಬಗಳಿಗೆ ನಾಯಿಮರಿ ಮಾರಾಟ ಆದಾಯದ ಒಂದು ದಾರಿ. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ತಳಿಗಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಪಡೆಯಬಾರದು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಬೆದೆಗೆ ಬಂದಾಗಲೆಲ್ಲ ಮರಿ ಹಾಕಿಸಿದರೆ ಎರಡು ಪಟ್ಟು ಹಣ ಕೈಸೇರುವಾಗ, ಬಡವರ ಕೈ ಯಾಕೆ ಕಟ್ಟಬೇಕು ಎಂದು ಕೇಳಬಹುದು. ಉತ್ತರ ಕೃಷಿಕರಿಗೆ ಗೊತ್ತೇ ಇದೆ: ಬಿತ್ತನೆ ಬೀಜವನ್ನು ಉಂಡವನು ಮುಂದಿನ ವರ್ಷ ಏನು ಬಿತ್ತಿಯಾನು? ಸೂಲಿನ ಮೇಲೆ ಸೂಲು ಬಂದ ತಾಯಿಯ ಮೈ ಸೊರಗುತ್ತದೆ, ಮರಿ ಬಡಕಲಾಗುತ್ತದೆ, ದೂರದಿಂದ ಬಂದ ಗಿರಾಕಿ ಮೋಸಹೋಗಿ ಊರಿಗೆ ಹೆಸರಿಡುತ್ತಾನೆ. ಒಬ್ಬನ ಮನೆಯ ಕೆಟ್ಟ ಮರಿ ಇಡೀ ತಾಲ್ಲೂಕಿನ ಹೆಸರನ್ನು ತಿನ್ನುತ್ತದೆ. ಯಾರ ಗಂಡು ಎಷ್ಟು ಸೂಲಿಗೆ ತಂದೆ, ಯಾವ ಮರಿ ಯಾವ ಊರಿಗೆ ಹೋಯಿತು ಎಂದು ಬರೆದಿಡುವ ಒಂದು ಸಾಮೂಹಿಕ ವಂಶಪುಸ್ತಕ ಇದ್ದರೆ, ದಾಖಲೆಯುಳ್ಳ ಮರಿಗೆ ದಾಖಲೆಯಿಲ್ಲದ ಎರಡು ಮರಿಗಳ ಬೆಲೆ ಕೊಡಲು ಕೊಳ್ಳುವವರು ಸಿದ್ಧರಿದ್ದರೆ, ನಿಯಮ ಪಾಲಿಸುವುದೇ ಲಾಭದ ದಾರಿಯಾಗುತ್ತದೆ. ಮತ್ತೆ ಚೆಂಡು ಬಂದು ಬೀಳುವುದು ಕೊಳ್ಳುವವನ ಅಂಗಳಕ್ಕೇ.

ಹಾಗಾದರೆ ಸಣ್ಣ ಮರಿ ಬೇಕೆನ್ನುವವನು ಏನು ನೋಡಬೇಕು? ಮೊದಲು ತಾಯಿ. ಮರಿ ಹುಟ್ಟಿದ ಜಾಗಕ್ಕೇ ಹೋಗಿ, ತಾಯಿಯನ್ನು ಹತ್ತು ನಿಮಿಷ ಓಡಾಡಿಸಲು ಹೇಳಿ, ಆಮೇಲೆ ಅದರ ಉಸಿರಿಗೆ ಕಿವಿಗೊಡಿ. ಗೊರಗೊರ ಸದ್ದು ಬಂದರೆ ಮರಿ ಎಷ್ಟೇ ಮುದ್ದಾಗಿದ್ದರೂ ಅಲ್ಲಿಗೇ ನಿಲ್ಲಿಸಿ. ತಾಯಿ ಅಪರಿಚಿತರನ್ನು ಕಂಡು ಮೂಲೆ ಸೇರುತ್ತದೋ, ಮೂಸಿ ನೋಡಲು ಬರುತ್ತದೋ ಗಮನಿಸಿ. ಅಂಜುಬುರುಕತನವೂ ರಕ್ತದಲ್ಲಿ ಇಳಿಯುತ್ತದೆ. ಮರಿಯ ಹೊಳ್ಳೆ ಅಗಲವಾಗಿ ತೆರೆದಿರಬೇಕು, ನೆತ್ತಿಯ ಎಲುಬು ಕೂಡಿರಬೇಕು, ಹೊಕ್ಕುಳಲ್ಲಿ ಉಬ್ಬು ಇರಬಾರದು, ಮೊಣಕಾಲ ಚಿಪ್ಪು ಜಾರುತ್ತದೆಯೇ ಎಂದು ಪಶುವೈದ್ಯರು ಒತ್ತಿ ನೋಡಿ ಹೇಳಬೇಕು. ಎಂಟು ವಾರದ ಗಡುವು ಬರಿಯ ಕಾಗದದ ನಿಯಮವಲ್ಲ. ಮೂರನೆಯ ವಾರದಿಂದ ಹನ್ನೆರಡು-ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲೇ ನಾಯಿ ಜಗತ್ತನ್ನು ಕಲಿಯುತ್ತದೆ. ಮೊದಲ ಅರ್ಧವನ್ನು ತಾಯಿ ಮತ್ತು ಒಡಹುಟ್ಟುಗಳು ಕಲಿಸುತ್ತವೆ, ಕಚ್ಚಿದರೆ ಎಷ್ಟು ನೋಯುತ್ತದೆ ಎಂಬುದೂ ಆಗಲೇ ತಿಳಿಯುವುದು. ಉಳಿದರ್ಧ ನಿಮ್ಮ ಹೊಣೆ. ಲಸಿಕೆಯ ಪುಸ್ತಕದಲ್ಲಿ ಒಂದೇ ಚುಚ್ಚುಮದ್ದು ಬರೆದು ‘ಎಲ್ಲ ಆಗಿದೆ’ ಎಂದರೆ ನಂಬಬೇಡಿ. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಕಣಗಳು ಲಸಿಕೆಯನ್ನೂ ಹೊಡೆದುಹಾಕುತ್ತವೆ. ಅವು ಯಾವ ವಾರ ಕರಗುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ, ಆದ್ದರಿಂದಲೇ ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆಯನ್ನು ಹದಿನಾರನೆಯ ವಾರದವರೆಗೆ ಮರುಮರಳಿ ಹಾಕಿಸಬೇಕು. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ.

ಇಷ್ಟೆಲ್ಲ ತಲೆನೋವು ಬೇಡ ಎನ್ನುವವರಿಗೆ ಉತ್ತರ ತಮ್ಮ ಓಣಿಯಲ್ಲೇ ಇದೆ. ಬೀದಿಯ ನಾಯಿಗೆ ತಳಿಯ ಹೆಸರಿಲ್ಲ, ಆದರೆ ಬಿಸಿಲು, ಹಸಿವು, ರೋಗ ಎಂಬ ಮೂವರು ನಿಷ್ಠುರ ಪರೀಕ್ಷಕರು ಅದನ್ನು ಸಾವಿರಾರು ವರ್ಷ ಆರಿಸಿದ್ದಾರೆ. ಅದರ ಮೂತಿ ಉದ್ದ, ಕಾಲು ನೇರ, ಮೈ ನಡುಗಾತ್ರ, ಹೆರಿಗೆ ಸರಳ. ತಾಯಿ ಯಾರೆಂದು ಓಣಿಗೆಲ್ಲ ಗೊತ್ತು. ಸ್ವಭಾವವನ್ನು ಮೊದಲೇ ಹೇಳಲಾಗದು ಎಂಬ ಆಕ್ಷೇಪ ಇಲ್ಲಿ ಸಲ್ಲುತ್ತದೆ. ಆದರೆ ಫೋಟೊ ನೋಡಿ ಕೊಂಡ ತಳಿಮರಿಯ ಸ್ವಭಾ‌ವವನ್ನಾದರೂ ಯಾರು ಹೇಳಬಲ್ಲರು? ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ ಸಾಕಿದರೆ ಅದಕ್ಕಿಂತ ಈ ಹವೆಗೆ ಒಗ್ಗಿದ ನಾಯಿ ಇನ್ನೊಂದಿಲ್ಲ. ತಳಿಯ ನಾಯಿಯೇ ಬೇಕೆಂದರೆ ಅದೂ ತಪ್ಪಲ್ಲ. ಒಳ್ಳೆಯ ತಳಿಗಾರನಿಗೆ ಒಳ್ಳೆಯ ಗಿರಾಕಿ ಸಿಗದಿದ್ದರೆ ಅವನೂ ಅಂಗಡಿ ಮುಚ್ಚುತ್ತಾನೆ, ಕೆಟ್ಟವನು ಉಳಿಯುತ್ತಾನೆ. ಆದ್ದರಿಂದ ಖಿಲಾರಿ ಕರುವಿನ ಮುಂದೆ ನಿಂತಾಗಿನ ಕಣ್ಣನ್ನೇ ನಾಯಿಮರಿಯ ಮುಂದೆಯೂ ಇಟ್ಟುಕೊಳ್ಳಿ. ಬೆಲೆ ಕೇಳುವ ಮೊದಲು ತಾಯಿಯನ್ನು ತೋರಿಸಿ ಎನ್ನಿ. ತೋರಿಸದಿದ್ದರೆ, ಮಕ್ಕಳು ಎಷ್ಟೇ ಅತ್ತರೂ, ಬರಿಗೈಯಲ್ಲಿ ಮನೆಗೆ ಬನ್ನಿ.